ಮೂರು ಪರದೆ, ಐದು ಸೆಕೆಂಡು

ನಮ್ಮ ಅಕೌಂಟ್ಸ್ ವಿಭಾಗದಲ್ಲಿ ನಾವು ನಾಲ್ಕು ಜನ. ಕೇರಳದವರೊಬ್ಬರು, ಫಿಲಿಪೀನ್ಸ್‌ನ ಹೆಣ್ಣುಮಗಳೊಬ್ಬರು, ಹೊಸದಾಗಿ ಸೇರಿದ ಹೈದರಾಬಾದಿನ ಹುಡುಗ, ಜೊತೆಗೆ ಈ ಲೇಖನ ಬರೀತಿರೋ ಬಿ.ಕಾಂ. ಪದವೀಧರ. ಆಫೀಸು ದುಬೈನ ಅಲ್ ಕೂಸ್‌ನಲ್ಲಿ, ಕಂಪನಿ ಕಟ್ಟಡದ ಗುತ್ತಿಗೆಯದ್ದು. ಇನ್ನೂರಕ್ಕೂ ಹೆಚ್ಚು ಕೆಲಸಗಾರರ ಸಂಬಳ ತಿಂಗಳು ತಿಂಗಳೂ ನಮ್ಮ ಕೈದಾಟಿಯೇ ಹೋಗಬೇಕು.

ಎಲ್ಲರ ಮೇಜಿನ ಮೇಲೂ ಮೂರು ಪರದೆ. 24 ಇಂಚಿನ ಎರಡು ಮಾನಿಟರ್, ಪಕ್ಕಕ್ಕೊಂದು ಲ್ಯಾಪ್‌ಟಾಪ್. ಒಂದರಲ್ಲಿ ಎಕ್ಸೆಲ್, ಇನ್ನೊಂದರಲ್ಲಿ ಅಕೌಂಟಿಂಗ್ ಸಾಫ್ಟ್‌ವೇರ್, ಮೂರನೆಯದರಲ್ಲಿ ಮೇಲ್. ಊರಿಂದ ಬಂದಿದ್ದ ನೆಂಟರೊಬ್ಬರು ಒಮ್ಮೆ ಆಫೀಸಿಗೆ ಬಂದು ನೋಡಿ, ‘ಏನ್ರೀ ಇದು, ವಿಮಾನ ಓಡಿಸ್ತೀರಾ?’ ಅಂತ ಕೇಳಿದ್ರು. ನಾವೂ ಸ್ವಲ್ಪ ಎದೆ ಉಬ್ಬಿಸಿಯೇ ನಕ್ಕಿದ್ವಿ. ಆ ಮೂರು ಪರದೆಯ ನಡುವೆ ಒಂದು ಮುಖ್ಯವಾದ ಮೇಲ್ ಕಳೆದುಹೋದ ಕತೆ ಇದು.

2025ರ ಮಾರ್ಚ್ 27, ಗುರುವಾರ. ರಂಜಾನ್ ಹಬ್ಬಕ್ಕೆ ಇನ್ನು ಮೂರು-ನಾಲ್ಕು ದಿನ. ಮಾರ್ಚ್ ಸಂಬಳವನ್ನು ಹಬ್ಬಕ್ಕೆ ಮುಂಚೆಯೇ ಕೊಡ್ತೀವಿ ಅಂತ ಮ್ಯಾನೇಜ್‌ಮೆಂಟ್‌ನವರು ಕ್ಯಾಂಪಿನಲ್ಲಿ ನೋಟೀಸ್ ಹಾಕಿಸಿದ್ದರು. ಇಲ್ಲಿರೋ ನಮಗೆಲ್ಲ ಡಬ್ಲ್ಯೂಪಿಎಸ್ ಗೊತ್ತಿರೋದೇ. 2009ರಲ್ಲಿ ಬಂದ ಈ ಪದ್ಧತಿಯ ಪ್ರಕಾರ ಸಂಬಳ ನೋಟಿನ ಕಂತೆಯಾಗಿ ಕೈಗೆ ಬರಲ್ಲ, ಬ್ಯಾಂಕಿನ ಮೂಲಕ, ಸರ್ಕಾರಕ್ಕೆ ಗೊತ್ತಾಗುವ ಹಾಗೆ ಹೋಗುತ್ತೆ. ಅದಕ್ಕೆ ಸಿಫ್ ಅನ್ನೋ ಒಂದು ಫೈಲ್ ಮಾಡಬೇಕು. ಒಬ್ಬೊಬ್ಬ ಕೆಲಸಗಾರನಿಗೂ ಒಂದೊಂದು ಸಾಲು, ಕೊನೆಯ ಸಾಲಿನಲ್ಲಿ ಒಟ್ಟು ಎಷ್ಟು ಜನ, ಒಟ್ಟು ಎಷ್ಟು ಹಣ. ಕೊನೆಯ ಸಾಲಿಗೂ ಮೇಲಿನ ಸಾಲುಗಳಿಗೂ ತಾಳೆ ಆಗದಿದ್ದರೆ ಇಡೀ ಫೈಲ್ ವಾಪಸ್. ಒಬ್ಬನ ಸಾಲು ತಪ್ಪಿದರೆ ಇನ್ನೂರು ಜನರದ್ದೂ ನಿಲ್ಲುತ್ತೆ.

ಆ ದಿನ ನಾವು ಮಾಡಿದ ತಪ್ಪು ಹೇಳೋಕೂ ನಾಚಿಕೆ. ಊರಿಗೆ ಹೊರಟಿದ್ದ ಒಬ್ಬರ ಲೆಕ್ಕ ಬೇರೆಯಾಗಿ ಚುಕ್ತಾ ಆಗಿತ್ತು ಅಂತ ಅವರ ಸಾಲನ್ನು ಕೊನೇ ಗಳಿಗೆಯಲ್ಲಿ ಕೈಯಾರೆ ತೆಗೆದ್ವಿ. ಒಟ್ಟು ಮೊತ್ತದ ಸಾಲು ಹಾಗೇ ಉಳೀತು. ಕೂಡೋದು ಕಳೆಯೋದೇ ನಮ್ಮ ಅನ್ನ, ಅದರಲ್ಲೇ ಎಡವಿದ್ವಿ. ಮಧ್ಯಾಹ್ನ ಒಂದು ಗಂಟೆಗೆ ಫೈಲ್ ಬ್ಯಾಂಕಿಗೆ ಹೋಯ್ತು. ‘ಹೋಯ್ತಪ್ಪಾ’ ಅಂತ ಉಸಿರು ಬಿಟ್ಟು ಆಡಿಟರ್ ಜೊತೆಗಿನ ವಿಡಿಯೊ ಮೀಟಿಂಗಿಗೆ ಕೂತ್ವಿ.

ಬ್ಯಾಂಕಿನಿಂದ ‘ಫೈಲ್ ತಿರಸ್ಕೃತ’ ಅನ್ನೋ ಮೇಲ್ ಬಂದಿದ್ದು 2 ಗಂಟೆ 10 ನಿಮಿಷಕ್ಕೆ. ಆಮೇಲೆ ನೋಡಿದಾಗ ಗೊತ್ತಾಗಿದ್ದು. ಆ ಹೊತ್ತಿನಲ್ಲಿ ಒಂದು ಮಾನಿಟರಿನಲ್ಲಿ ಆಡಿಟರ್ ಮುಖ, ಇನ್ನೊಂದರಲ್ಲಿ ಅವರು ಕೇಳ್ತಿದ್ದ ಶೆಡ್ಯೂಲ್. ಲ್ಯಾಪ್‌ಟಾಪ್ ಎಡಗಡೆ ಮೂಲೆಯಲ್ಲಿ, ಅದರ ಪರದೆ ಅರ್ಧ ಮಡಚಿ, ಮುಂದೆ ಪೆಟ್ಟಿ ಕ್ಯಾಶ್ ವೋಚರ್‌ಗಳ ಕಟ್ಟು. ಅಲಾರ್ಟ್ ಮೂಡಿ ಹೋಗಿದ್ದು ಆ ಪರದೆಯ ಕೆಳಗಿನ ಬಲಮೂಲೆಯಲ್ಲಿ. ಐದೇ ಸೆಕೆಂಡು.

ಶುಕ್ರವಾರ ಆಫೀಸಿಗೆ ರಜೆ ಕೊಟ್ಟಿದ್ದರು. ಸಾಯಂಕಾಲ ಕ್ಯಾಂಪ್ ಬಾಸ್ ವಾಟ್ಸಾಪ್ ಮಾಡಿದರು, ‘ಸಂಬಳ ಇನ್ನೂ ಬಂದಿಲ್ಲ, ಎಲ್ಲರೂ ಕೇಳ್ತಿದಾರೆ.’ ನಾವು ಏನಂತ ಉತ್ತರ ಕೊಟ್ವಿ ಗೊತ್ತಾ? ‘ಫೈಲ್ ನಿನ್ನೆಯೇ ಹೋಗಿದೆ, ಬ್ಯಾಂಕಿನವರದ್ದು ತಡ, ಬರುತ್ತೆ ಬಿಡಿ.’ ಮೇಲ್ ತೆಗೆದು ನೋಡಲಿಲ್ಲ. ಏನಾದ್ರೂ ಎಡವಟ್ಟಾಗಿದ್ರೆ ಗೊತ್ತಾಗ್ತಿತ್ತಲ್ಲ ಅನ್ನೋ ಧೈರ್ಯ. ಶನಿವಾರ ರಾತ್ರಿ ಚಂದ್ರ ಕಂಡ, ಭಾನುವಾರ ಇಲ್ಲಿ ಹಬ್ಬ, ಊರಲ್ಲಿ ಸೋಮವಾರ. ಆಫೀಸು ತೆರೆದಿದ್ದು ಏಪ್ರಿಲ್ 2, ಬುಧವಾರ. ಲ್ಯಾಪ್‌ಟಾಪ್ ಮುಂದಿನ ವೋಚರ್ ಕಟ್ಟು ಸರಿಸಿ ಮೇಲ್ ಪಟ್ಟಿ ಕೆಳಗೆ ಜಾರಿಸಿದಾಗ ಆ ಸಾಲು ಕಣ್ಣಿಗೆ ಬಿತ್ತು. ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯ್ತು. ಒಟ್ಟು ತಿದ್ದಿ ಮತ್ತೆ ಕಳಿಸೋಕೆ ನಾಲ್ಕು ನಿಮಿಷ ಸಾಕಾಯ್ತು. ಹಣ ಖಾತೆಗೆ ಬಿದ್ದಿದ್ದು ಗುರುವಾರ.

ಆಗಿನ ಕಾನೂನಿನ ಪ್ರಕಾರ ಇದು ತಡವೇ ಆಗಿರಲಿಲ್ಲ. ಮಾರ್ಚ್ ಸಂಬಳ ಏಪ್ರಿಲ್ ಮೊದಲ ವಾರ ಬಂದರೆ ಆಗ ದಂಡ ಇರಲಿಲ್ಲ. ಮ್ಯಾನೇಜ್‌ಮೆಂಟ್‌ನವರು ಕೇಳಲೂ ಇಲ್ಲ. ನಾವೂ ‘ಬಚಾವಾದ್ವಿ’ ಅಂದ್ಕೊಂಡು ಚಹಾ ಕುಡೀತಾ ಕೂತಿದ್ವಿ.

ಅಷ್ಟರಲ್ಲಿ ನಮ್ಮ ಕಂಪನಿಯ ಡ್ರೈವರ್ ಭಾಯ್ ಬಂದರು. ಶಿಗ್ಗಾವಿ ಕಡೆಯವರು, ಐವತ್ತು ದಾಟಿದವರು, ಬ್ಯಾಂಕಿಗೆ ಚೆಕ್ಕು, ಕಾಗದ ಒಯ್ಯೋದು ಅವರೇ. ನಮಗೆ ಕನ್ನಡ ಮಾತಾಡೋಕೆ ಆಫೀಸಿನಲ್ಲಿ ಸಿಗೋ ಒಂದೇ ಜೀವ.

‘ಸರ, ಪಗಾರ ಬಂತು ಅಂತ ಹೇಳಾಕ ಬಂದೆ’ ಅಂದರು.

‘ಹಬ್ಬ ಹೇಗಾಯ್ತು ಭಾಯ್?’

‘ಆತ್ರಿ. ನಮಾಜ್ ಆತು, ಕ್ಯಾಂಪಿನ್ಯಾಗ ಬಿರಿಯಾನಿ ಕೊಟ್ರು.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಬ್ಬದ ದಿನಾ ಮನಿಗೆ ಫೋನ್ ಹಚ್ಚಲಿಲ್ರಿ ನಾ. ರೊಕ್ಕ ಕಳಸ್ತೀನಿ, ಬಟ್ಟಿ ತಗೋರಿ ಅಂತ ಹೇಳಿದ್ದೆ. ಫೋನ್ ಹಚ್ಚಿದ್ರ ಸಣ್ಣಾಕಿ ಕೇಳ್ತಾಳ. ಏನ್ ಹೇಳ್ಲಿ ಆಕಿಗೆ?’ ಅಂದರು. ದೂರು ಹೇಳೋ ಧಾಟಿಯೇ ಇರಲಿಲ್ಲ ಅದು. ಬ್ಯಾಂಕಿನವರ ತಪ್ಪು ಅಂತಲೇ ಅವರು ನಂಬಿದ್ದರು, ಯಾಕಂದ್ರೆ ಹಾಗಂತ ಹೇಳಿದವರು ನಾವೇ.

ತಪ್ಪು ಯಾರದ್ದು ಅಂತ ಅವರಿಗೆ ಅವತ್ತೇ ಹೇಳಿದ್ವಿ. ‘ಇರ್ಲಿ ಬಿಡ್ರಿ ಸರ, ಮನಷ್ಯಾ ಅಂದ್ಮ್ಯಾಲ’ ಅಂತ ಹೋದರು. ನಮಗೆ ಮಾತ್ರ ಆ ಐದು ಸೆಕೆಂಡು ಬಿಡಲಿಲ್ಲ. ನಾಲ್ಕು ಜನ, ಹನ್ನೆರಡು ಪರದೆ. ಒಬ್ಬರ ಕಣ್ಣಿಗೂ ಬೀಳಲಿಲ್ಲ ಅಂದ್ರೆ ಹೇಗೆ?

ಹುಡುಕಿದಾಗ ಮೊದಲು ಸಿಕ್ಕಿದ್ದು ಇದು. ವಿಂಡೋಸ್‌ನಲ್ಲಿ ಎಷ್ಟು ಪರದೆ ಜೋಡಿಸಿದರೂ ‘ಮೇನ್ ಡಿಸ್ಪ್ಲೇ’ ಅಂತ ಒಂದಿರುತ್ತೆ, ನಮ್ಮಲ್ಲಿ ಆ ಸೂಚನೆಗಳೆಲ್ಲ ಮೂಡ್ತಿದ್ದದ್ದು ಅದರ ಮೂಲೆಯಲ್ಲಿ ಮಾತ್ರ. ನಮ್ಮ ಮಾನಿಟರ್‌ಗಳನ್ನು ಜೋಡಿಸಿಕೊಟ್ಟ ಐಟಿಯವರು ಲ್ಯಾಪ್‌ಟಾಪನ್ನೇ ಮುಖ್ಯ ಪರದೆಯಾಗಿ ಬಿಟ್ಟು ಹೋಗಿದ್ದರು. ಕಣ್ಣು ದಿನವಿಡೀ ದೊಡ್ಡ ಮಾನಿಟರಿನ ಮೇಲೆ, ಅಲಾರ್ಟ್ ಮಾತ್ರ ವೋಚರ್ ಕಟ್ಟಿನ ಹಿಂದೆ. ಮನೆ ಬಾಗಿಲಿಗೆ ಬಂದ ಪೋಸ್ಟ್‌ಮ್ಯಾನ್ ಕಾಗದವನ್ನು ಹಿತ್ತಲಿನಲ್ಲಿ ಇಟ್ಟು ಹೋದ ಹಾಗೆ.

ಇದನ್ನು ಸರಿಮಾಡೋಕೆ ಅರ್ಧ ನಿಮಿಷ ಸಾಕು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್ಪ್ಲೇ. ನೀವು ನೇರವಾಗಿ ಕೂತು ನೋಡುವ ಪರದೆಯ ಚಿತ್ರವನ್ನು ಒತ್ತಿ, ‘ಮೇಕ್ ದಿಸ್ ಮೈ ಮೇನ್ ಡಿಸ್ಪ್ಲೇ’ ಅನ್ನೋದನ್ನ ಗುರುತು ಮಾಡಿ. ನೀವು ಎರಡು ಪರದೆ ಇಟ್ಟುಕೊಂಡವರಾದರೆ ಈ ಲೇಖನ ಮುಂದೆ ಓದುವ ಮೊದಲು ಇದೊಂದನ್ನ ನೋಡ್ಕೊಂಡು ಬನ್ನಿ.

ಎರಡನೇದು ಸದ್ದು. ಮೇಲ್ ಬಂದರೆ ‘ಟಿಂಗ್’ ಅನ್ನಬೇಕಲ್ಲ? ಅಂತಿತ್ತು. ಎಲ್ಲಿ ಅಂದ್ರೆ, ಮಾನಿಟರಿನೊಳಗೆ. ಎಚ್‌ಡಿಎಂಐ ಕೇಬಲ್ ಚಿತ್ರದ ಜೊತೆ ಸದ್ದನ್ನೂ ಒಯ್ಯುತ್ತೆ, ಹಾಗಾಗಿ ಕಂಪ್ಯೂಟರು ಮಾನಿಟರನ್ನೇ ಸ್ಪೀಕರ್ ಅಂತ ಆರಿಸಿಕೊಂಡಿತ್ತು. ನಮ್ಮ ಮಾನಿಟರಿಗೆ ಸ್ಪೀಕರ್ರೇ ಇಲ್ಲ. ಎಷ್ಟು ತಿಂಗಳಿಂದ ಅದು ಮೌನವಾಗಿ ಟಿಂಗ್ ಅಂತಿತ್ತೋ ದೇವರೇ ಬಲ್ಲ. ನಾವು ಮೀಟಿಂಗಿಗೆ ಹೆಡ್‌ಫೋನ್ ಹಾಕೋದ್ರಿಂದ ಈ ಮೌನ ಯಾರಿಗೂ ಗೊತ್ತಾಗಲಿಲ್ಲ.

ಮೂರನೇದು ‘ಡು ನಾಟ್ ಡಿಸ್ಟರ್ಬ್’. ಪೂರ್ತಿ ಪರದೆಯಲ್ಲಿ ಏನಾದರೂ ತೆರೆದಾಗ, ಅಥವಾ ಪ್ರೊಜೆಕ್ಟರಿಗೆ ಅದೇ ಚಿತ್ರ ಕಳಿಸ್ತಿರುವಾಗ, ವಿಂಡೋಸ್ ತಾನಾಗೇ ಸೂಚನೆಗಳನ್ನು ತಡೆಹಿಡಿಯುವ ಹಾಗೆ ಸೆಟ್ಟಿಂಗ್ ಇರುತ್ತೆ. ಒಳ್ಳೇ ಉದ್ದೇಶಕ್ಕೇ ಇಟ್ಟಿದ್ದಾರೆ. ಮೀಟಿಂಗಿನ ಮಧ್ಯೆ ಹೆಂಡತಿಯ ‘ಬರ್ತಾ ಹಾಲು ತನ್ನಿ’ ಎಲ್ಲರಿಗೂ ಕಾಣಬಾರದಲ್ಲ. ಆದರೆ ಕೇರಳದವರ ಕಂಪ್ಯೂಟರಿನಲ್ಲಿ ಆ ದಿನ ಬ್ಯಾಂಕಿನ ಮೇಲನ್ನೂ ಅದು ನುಂಗಿತ್ತು.

ಇಷ್ಟು ಗೊತ್ತಾದ ಮೇಲೆ ನಮಗೆ ಹುಮ್ಮಸ್ಸು ಬಂತು. ಹೊಸಬರ ಅಗಸ ಬಟ್ಟೆ ಎತ್ತೆತ್ತಿ ಒಗೆದ ಹಾಗೆ ಕಂಡಕಂಡ ಸೆಟ್ಟಿಂಗನ್ನೆಲ್ಲ ಏರಿಸಿದ್ವಿ. ಆಕ್ಸೆಸಿಬಿಲಿಟಿಯಲ್ಲಿ ವಿಶುವಲ್ ಎಫೆಕ್ಟ್ಸ್ ಅನ್ನೋ ಕಡೆ ಸೂಚನೆ ಎಷ್ಟು ಹೊತ್ತು ನಿಲ್ಲಬೇಕು ಅಂತ ಕೇಳುತ್ತೆ. ಐದು ಸೆಕೆಂಡಿನಿಂದ ಐದು ನಿಮಿಷದವರೆಗೂ ಇಡಬಹುದು. ನಾವು ಐದು ನಿಮಿಷ ಇಟ್ವಿ. ಕಿವಿ ಕೇಳದವರಿಗಾಗಿ ಸದ್ದಿನ ಬದಲು ಇಡೀ ಪರದೆ ಮಿಂಚುವ ಸೌಲಭ್ಯವೂ ಇದೆ. ಅದನ್ನೂ ಹಾಕಿದ್ವಿ. ಮಾರನೇ ದಿನ ನಮ್ಮ ವಿಭಾಗ ಮದುವೆ ಮನೆಯ ಸೀರಿಯಲ್ ಸೆಟ್ ಆಗಿತ್ತು. ಯಾರೋ ಹುಟ್ಟುಹಬ್ಬದ ಕೇಕಿಗೆ ಕರೆದರೂ ಪರದೆ ಮಿಂಚು, ಸಾಫ್ಟ್‌ವೇರ್ ಅಪ್‌ಡೇಟ್ ಇದೆ ಅಂದರೂ ಮಿಂಚು. ಫಿಲಿಪೀನ್ಸ್‌ನ ಸಹೋದ್ಯೋಗಿಗೆ ಮಧ್ಯಾಹ್ನದೊಳಗೆ ತಲೆನೋವು. ಎರಡನೇ ದಿನ ಮಿಂಚು ಬಂದ್ರೆ ನಾವು ಎತ್ತ ಬಂತು ಅಂತ ನೋಡೋದೂ ಬಿಟ್ವಿ, ಸುಮ್ಮನೆ ಮೌಸ್ ತಗೊಂಡು ಮುಚ್ಚೋದು. ಅಂದರೆ ಮೊದಲಿನ ಜಾಗಕ್ಕೇ ಬಂದು ನಿಂತ್ವಿ, ತಲೆನೋವಿನ ಜೊತೆಗೆ.

ಆ ವಾರಾಂತ್ಯ ಕುಂದಾಪುರದ ಸ್ನೇಹಿತರೊಬ್ಬರು ಮನೆಗೆ ಊಟಕ್ಕೆ ಬಂದಿದ್ದರು. ರುವೈಸ್‌ನಲ್ಲಿ ರಿಫೈನರಿಯ ಇನ್‌ಸ್ಟ್ರುಮೆಂಟ್ ಟೆಕ್ನಿಶಿಯನ್. ನಮ್ಮ ಪರದೆ ಪುರಾಣ ಕೇಳಿ ನೀರುದೋಸೆ ಕೈಯಲ್ಲಿ ಹಿಡಿದೇ ನಕ್ಕರು. ‘ಮಾರಾಯ್ರೆ, ನೀವು ಮಾಡಿದ್ದನ್ನೇ ಮಾಡಿ ಒಂದು ರಿಫೈನರಿ ಹಾರಿ ಹೋಗಿತ್ತು’ ಅಂತ ವೇಲ್ಸ್‌ನ ಮಿಲ್ಫರ್ಡ್ ಹೇವನ್ ಕತೆ ಹೇಳಿದರು. 1994ರ ಜುಲೈ 24. ಸ್ಫೋಟಕ್ಕೆ ಮುಂಚಿನ ಹನ್ನೊಂದು ನಿಮಿಷಗಳಲ್ಲಿ ಕಂಟ್ರೋಲ್ ರೂಮಿನ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಾಂ ಬಂದಿದ್ದವಂತೆ. ಎಲ್ಲವೂ ತುರ್ತಾಗಿ ಕಾಣೋ ಹಾಗೇ. ಯಾವುದು ನಿಜಕ್ಕೂ ತುರ್ತು ಅಂತ ಹೆಕ್ಕಿ ತೆಗೆಯೋಕೆ ಮನುಷ್ಯರಿಂದ ಆಗೋ ಮಾತಾ? 26 ಜನರಿಗೆ ಗಾಯವಾಯ್ತು, ಯಾರೂ ಸಾಯದಿದ್ದದ್ದು ಪುಣ್ಯ.

‘ನಿಮ್ಮದು ಅಲಾರಾಂ ಅಲ್ಲ, ಸುದ್ದಿ’ ಅಂದರು ಅವರು. ‘ಬಂದಾಗ ಯಾರಾದ್ರೂ ಎದ್ದು ಏನಾದ್ರೂ ಮಾಡಲೇಬೇಕು ಅನ್ನೋದಿದ್ರೆ ಮಾತ್ರ ಅಲಾರಾಂ. ನಮ್ಮಲ್ಲಿ ನೂರಕ್ಕೆ ಐದೇ ಅತಿ ತುರ್ತು ಇರ್ಬೇಕು ಅಂತ ಲೆಕ್ಕ. ನಿಮ್ದು ಎಷ್ಟುಂಟು, ಎಣಿಸಿದ್ದೀರಾ?’

ಎಣಿಸಿರಲಿಲ್ಲ. ಲೆಕ್ಕದವರಾಗಿ ಅದನ್ನೇ ಮಾಡಿರಲಿಲ್ಲ. ಸೋಮವಾರ ಹೈದರಾಬಾದಿನ ಹುಡುಗನಿಗೆ ಒಂದು ಹಾಳೆ ಕೊಟ್ಟು, ತನ್ನ ಪರದೆಯಲ್ಲಿ ಏನು ಮೂಡಿದರೂ ಒಂದು ಗೀಟು ಹಾಕು ಅಂದ್ವಿ. ಸಾಯಂಕಾಲಕ್ಕೆ 163 ಗೀಟು. ಅದರಲ್ಲಿ ಅವತ್ತೇ ಏನಾದರೂ ಮಾಡಬೇಕಾಗಿದ್ದದ್ದು ನಾಲ್ಕು. ಉಳಿದ 159 ಆ ನಾಲ್ಕರ ಮೇಲೆ ಮಣ್ಣು ಹಾಕೋ ಕೆಲಸ ಮಾಡ್ತಿದ್ದವು.

ಆ ಹಾಳೆಯನ್ನ ಮುಂದಿಟ್ಟುಕೊಂಡು ಕೂತಾಗಲೇ ಹುಡುಗ ಬಾಯಿ ಬಿಟ್ಟಿದ್ದು. ತಲೆ ತಗ್ಗಿಸಿಕೊಂಡು, ‘ಸರ್, ಆವತ್ತು ಬ್ಯಾಂಕಿನ ಮೇಲ್ ನನಗೆ ಕಂಡಿತ್ತು’ ಅಂದ. ಎಲ್ಲರೂ ಸುಮ್ಮನಾದ್ವಿ. ಬ್ಯಾಂಕಿನ ಮೇಲ್ ಬರೋದು ನಾಲ್ವರಿಗೂ ಸೇರಿದ ಒಂದೇ ವಿಳಾಸಕ್ಕೆ. ಅವನ ಪರದೆಯ ಸೆಟ್ಟಿಂಗ್ ಸರಿಯಾಗಿಯೇ ಇತ್ತು. ಮೇಲ್ ಮೂಡಿತ್ತು, ‘ರಿಜೆಕ್ಟೆಡ್’ ಅನ್ನೋ ಪದವನ್ನೂ ಓದಿದ್ದ. ‘ನಿಮಗೂ ಬಂದಿರುತ್ತೆ, ದೊಡ್ಡವರು ನೋಡ್ತಾರೆ ಅಂದ್ಕೊಂಡೆ ಸರ್. ಮೀಟಿಂಗ್ ಮಧ್ಯೆ ಹೇಗೆ ಹೇಳೋದು?’

ಬೈಯೋಕೆ ಬಾಯಿ ಬರಲಿಲ್ಲ. ಸೇರಿ ಎರಡು ತಿಂಗಳಾಗಿತ್ತು ಅವನು. ಮೀಟಿಂಗಿನಲ್ಲಿದ್ದಾಗ ನಮ್ಮನ್ನು ಮಾತಾಡಿಸಬಾರದು ಅಂತ ಮೊದಲ ವಾರವೇ ಹೇಳಿದ್ದವರು ನಾವೇ. ಆ ಐದು ಸೆಕೆಂಡಿನ ಮೇಲೆ, ಎಚ್‌ಡಿಎಂಐ ಕೇಬಲ್ಲಿನ ಮೇಲೆ ಹೊರಿಸಿದ್ದ ತಪ್ಪಿನಲ್ಲಿ ಅರ್ಧ ಇಲ್ಲಿತ್ತು. ಮಾನಿಟರ್ ಎಷ್ಟಾದರೂ ಇರಲಿ, ನಾಲ್ಕು ಜನರಿಗೆ ಒಟ್ಟಿಗೆ ಬಂದ ಎಚ್ಚರಿಕೆ ಯಾರಿಗೂ ಬಂದಿರಲಿಲ್ಲ. ಹತ್ತು ಮನೆಯ ನೆಂಟ ಉಪವಾಸ ಮಲಗಿದ ಅಂತಾರಲ್ಲ, ಹಾಗೆ.

ಆಮೇಲೆ ಮಾಡಿದ ಏರ್ಪಾಡು ಸಣ್ಣದು. 159ನ್ನೂ ಒಂದೊಂದಾಗಿ ಬಾಯಿ ಮುಚ್ಚಿಸಿದ್ವಿ. ಹೊಸ ಮೇಲ್ ಬಂತು ಅನ್ನೋ ಸಾಮಾನ್ಯ ಸೂಚನೆಯೇ ಬಂದ್. ಚಾಟ್ ಗುಂಪುಗಳೂ ಬಂದ್, ಗಂಟೆಗೊಮ್ಮೆ ನಾವೇ ಹೋಗಿ ನೋಡ್ತೀವಿ. ತುರ್ತು ಅಂತ ಉಳಿಸಿಕೊಂಡಿದ್ದು ಮೂರೇ. ಸಂಬಳದ ಫೈಲಿನ ಬಗ್ಗೆ ಬ್ಯಾಂಕಿನ ಮಾತು, ಯಾವುದಾದರೂ ಪಾವತಿ ವಾಪಸ್ ಬಂದದ್ದು, ಮತ್ತೆ ತೆರಿಗೆ ಪ್ರಾಧಿಕಾರದ ಮೇಲ್. ಇಲ್ಲಿ 2018ರ ಜನವರಿಯಿಂದ ಶೇಕಡಾ 5ರ ವ್ಯಾಟ್ ಬಂದಮೇಲೆ 28ನೇ ತಾರೀಕು ಅಂದ್ರೆ ನಮ್ಮ ಜಾತಿಯವರಿಗೆಲ್ಲ ಎದೆ ಡವಡವ, ಅದನ್ನು ಬಿಡೋ ಹಾಗಿಲ್ಲ.

ಈ ಮೂರಕ್ಕೆ ಔಟ್‌ಲುಕ್‌ನಲ್ಲಿ ರೂಲ್ ಬರೆದ್ವಿ. ಇಂಥ ವಿಳಾಸದಿಂದ, ಇಂಥ ಪದ ಇರೋ ಮೇಲ್ ಬಂದರೆ ಒಂದು ಬೇರೆಯೇ ಕಿಟಕಿ ತೆರೀಬೇಕು, ಬೇರೆಯೇ ಸದ್ದು ಆಗಬೇಕು. ಅದು ಐದು ಸೆಕೆಂಡಿಗೆ ಮಾಯವಾಗೋದಲ್ಲ, ನಾವೇ ಮುಚ್ಚೋವರೆಗೂ ಕೂತಿರುತ್ತೆ. ಎರಡು ವಿಷಯ ನೆನಪಿರಲಿ. ಇದು ಹಳೇ ಔಟ್‌ಲುಕ್‌ನಲ್ಲಿ ಸಿಗೋದು, ಮತ್ತೆ ಔಟ್‌ಲುಕ್ ತೆರೆದಿದ್ದರೆ ಮಾತ್ರ ಕೆಲಸ ಮಾಡುತ್ತೆ. ಒಂದೆರಡು ಸಲ ಆ ಕಿಟಕಿ ಎಕ್ಸೆಲ್ ಹಿಂದೆ ಅಡಗಿಕೊಂಡಿದ್ದೂ ಉಂಟು, ಆದರೆ ಸದ್ದು ಕೈಕೊಡಲಿಲ್ಲ. ಸದ್ದಿಗೆ ಅಂತಲೇ ಸಣ್ಣದೊಂದು ಯುಎಸ್‌ಬಿ ಸ್ಪೀಕರ್ ತಂದು, ಡಿಫಾಲ್ಟ್ ಅದನ್ನೇ ಮಾಡಿ, ಮಾನಿಟರಿನ ಕೆಳಗೆ ಟೇಪ್ ಹಾಕಿ ಅಂಟಿಸಿದೀವಿ.

ಇನ್ನು ಯಾರು ನೋಡಬೇಕು ಅನ್ನೋದು. ನಮ್ಮಲ್ಲಿ ಒಂದು ಕೆಂಪು ಸ್ಟೇಪ್ಲರ್ ಇದೆ. ಬೆಳಿಗ್ಗೆ ಅದು ಯಾರ ಮೇಜಿನ ಮೇಲಿದೆಯೋ ಅವತ್ತಿನ ತುರ್ತೆಲ್ಲ ಅವರದ್ದು. ಮೀಟಿಂಗಿಗೆ ಹೋಗಬೇಕಾದರೆ ಸ್ಟೇಪ್ಲರನ್ನ ಇನ್ನೊಬ್ಬರ ಕೈಗೆ ಕೊಟ್ಟು, ‘ನಿಮ್ಮ ಹತ್ರ’ ಅಂತ ಬಾಯಿಬಿಟ್ಟು ಹೇಳಿ ಹೋಗಬೇಕು. ಅದು ಹುಡುಗನ ಮೇಜಿನ ಮೇಲಿದ್ದ ದಿನ ಅವನು ಯಾರ ಮೀಟಿಂಗಿನ ಬಾಗಿಲನ್ನಾದರೂ ತಟ್ಟಬಹುದು. ಒಂದು ಸಲ ಜನರಲ್ ಮ್ಯಾನೇಜರ್ ಕೊಠಡಿಗೂ ನುಗ್ಗಿದ್ದ. ಸರಬರಾಜುದಾರರೊಬ್ಬರ ಪಾವತಿ ಐಬಾನ್ ತಪ್ಪಾಗಿ ವಾಪಸ್ ಬಂದಿತ್ತು, 23 ಅಕ್ಷರದಲ್ಲಿ ಒಂದು ಬಿಟ್ಟುಹೋಗಿತ್ತಂತೆ. ಮ್ಯಾನೇಜರ್ ಮುಖ ಗಂಟಿಕ್ಕಿದರು. ನಾವು ಬೆನ್ನು ತಟ್ಟಿದ್ವಿ.

ಇಷ್ಟಾದರೂ ಒಂದು ತೂತು ಉಳಿದಿತ್ತು. ಎಚ್ಚರಿಕೆ ಬಂದರೆ ನೋಡ್ತೀವಿ ಸರಿ. ಆ ಎಚ್ಚರಿಕೆಯೇ ಬರದಿದ್ದರೆ? ಇಂಟರ್‌ನೆಟ್ ಕೈಕೊಟ್ಟರೆ, ಮೇಲ್ ಜಂಕ್ ಫೋಲ್ಡರಿಗೆ ಹೋದರೆ? ಆ ಶುಕ್ರವಾರ ಕ್ಯಾಂಪ್ ಬಾಸ್‌ಗೆ ‘ಬರುತ್ತೆ ಬಿಡಿ’ ಅಂದಿದ್ದು ಇದೇ ನಂಬಿಕೆಯ ಮೇಲೆ. ಸದ್ದಿಲ್ಲ ಅಂದ್ರೆ ಎಲ್ಲ ಸರಿ ಇದೆ ಅನ್ನೋದು. ಈಗ ಲೆಕ್ಕ ತಿರುಗಿಸಿದೀವಿ. ಸಂಬಳದ ಫೈಲ್ ಹೋದ ದಿನ ಮಧ್ಯಾಹ್ನ ಮೂರಕ್ಕೆ ಔಟ್‌ಲುಕ್ ಕ್ಯಾಲೆಂಡರಿನಲ್ಲಿ ಒಂದು ರಿಮೈಂಡರ್ ಇದೆ. ಆಪ್ಷನ್ಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ ರಿಮೈಂಡರ್ ಬೇರೆಲ್ಲ ಕಿಟಕಿಗಳ ಮೇಲೇ ಕಾಣಲಿ ಅಂತ ಒಂದು ಗುರುತು ಹಾಕಬಹುದು, ಅದನ್ನೂ ಹಾಕಿದೀವಿ. ಅದು ಬಂದಾಗ ಬ್ಯಾಂಕಿನ ಪೋರ್ಟಲ್ ತೆರೆದು ‘ಸ್ವೀಕೃತ’ ಅನ್ನೋ ಹಸಿರು ಅಕ್ಷರವನ್ನ ಕಣ್ಣಾರೆ ನೋಡಬೇಕು, ರಿಜಿಸ್ಟರಿನಲ್ಲಿ ಹೊತ್ತು ಬರೆದು ಸಹಿ ಹಾಕಬೇಕು. ಹಸಿರು ಕಾಣೋವರೆಗೂ ಯಾರೂ ಮನೆಗೆ ಹೋಗಲ್ಲ. ಕಾಗದದ ರಿಜಿಸ್ಟರ್ ನೋಡಿ ಐಟಿಯವರು ನಗ್ತಾರೆ. ನಗಲಿ.

ನಾವು ಊರಲ್ಲಿ ಮೊದಲು ಕೆಲಸಕ್ಕೆ ಸೇರಿದ ಕಾಲಕ್ಕೆ ಮೇಜಿನ ಮೇಲೆ ಒಂದೇ ಡಬ್ಬಿ ಮಾನಿಟರ್. ತಪ್ಪಾದರೆ ಪರದೆಯ ನಟ್ಟನಡುವೆ ಚೌಕ ಬಂದು ಕೂರುತ್ತಿತ್ತು, ಎಂಟರ್ ಒತ್ತೋವರೆಗೂ ಮುಂದಿನ ವೋಚರ್ ಹಾಕೋ ಹಾಗೇ ಇಲ್ಲ. ಆಗ ಅದನ್ನ ಎಷ್ಟು ಶಪಿಸ್ತಿದ್ವಿ! ಈಗ ನಮ್ಮ ಮುಂದಿರೋದು ನಾಲ್ಕೂವರೆ ಅಡಿ ಅಗಲದ ಗಾಜು. ಕೈ ಚಾಚಿ ಹೆಬ್ಬೆರಳು ಹಿಡಿದು ನೋಡಿ, ಆ ಉಗುರಿನಷ್ಟು ಜಾಗವನ್ನೇ ಕಣ್ಣು ಒಂದು ಸಲಕ್ಕೆ ಸ್ಪಷ್ಟವಾಗಿ ಓದೋದು. ಉಳಿದದ್ದೆಲ್ಲ ಏನೋ ಅಲ್ಲಾಡಿದ ಹಾಗೆ, ಅಷ್ಟೇ. ಗಾಜು ಅಗಲವಾಯ್ತು, ಹೆಬ್ಬೆರಳು ಅಷ್ಟೇ ಇದೆ.

ಈಗ ಸಂಬಳದ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಡ್ರೈವರ್ ಭಾಯ್ ಏನಾದರೂ ನೆಪ ಮಾಡ್ಕೊಂಡು ನಮ್ಮ ಬಾಗಿಲಿಗೆ ಬರ್ತಾರೆ. ಹೋದ ಸಲವೂ ಬಂದಿದ್ದರು. ಒಳಗೆ ಬರದೆ, ಬಾಗಿಲ ಚೌಕಟ್ಟು ಹಿಡಿದುಕೊಂಡು ಕುತ್ತಿಗೆ ಚಾಚಿ ಕೇಳಿದರು:

‘ಸರ, ಹಸರು ಬಂತೇನ್ರಿ?’

‘ಇನ್ನೂ ಇಲ್ಲ ಭಾಯ್. ಬನ್ನಿ, ಕೂತ್ಕೊಳ್ಳಿ.’

ಅವರು ಬಂದು ಕೂತರು. ಹುಡುಗ ಅವರಿಗೊಂದು ಚಹಾ ತಂದುಕೊಟ್ಟು, ಪೋರ್ಟಲ್ ಇನ್ನೊಂದು ಸಲ ರಿಫ್ರೆಶ್ ಮಾಡಿದ.